ಕೇಳಿಸದ ಹದಿನೇಳು

ಮೊನ್ನೆ ಭಾನುವಾರ ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ ಹತ್ತಿದ್ದು ಜಗಳ ಆಡುವುದಕ್ಕೆ.

ಹೌದು, ಸೀರೆಗಲ್ಲ. ಹೆಂಗಸೊಬ್ಬಳು ಒಂಟಿಯಾಗಿ ಮೊಳಕಾಲ್ಮೂರು ಬಸ್ ಹತ್ತಿದರೆ ಸೀರೆಗೇ ಹೊರಟಿದ್ದಾಳೆ ಅಂತ ಇಡೀ ಬಸ್ಸು ತೀರ್ಮಾನ ಮಾಡಿಬಿಡುತ್ತದೆ. ಪಕ್ಕದಲ್ಲಿ ಕೂತಿದ್ದ ಬಿ.ಜಿ. ಕೆರೆಯ ಅಜ್ಜಿ ಕೇಳಿಯೇಬಿಟ್ಟರು.

"ಮನ್ಯಾಗೆ ಮದುವಿ ಐತೇನವ್ವ?"

"ಇಲ್ಲಜ್ಜಿ, ಒಬ್ಬರ ಜೊತೆ ಜಗಳ ಐತೆ."

ಅಜ್ಜಿಯ ಮುಖ ಅರಳಿತು. "ಆಸ್ತೀದಾ?"

"ಅಲ್ಲ, ರೇಡಿಯೋದು."

ಅಜ್ಜಿ ಅರ್ಧ ಅಡಿ ಆಚೆ ಸರಿದು ಕೂತರು. ಬಿ.ಜಿ. ಕೆರೆ ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ನಮ್ಮ ಮನೆಯ ಮೇಲಿರುವ ಕಬ್ಬಿಣದ ಕಂಬದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಕೊರೆದಿದ್ದೇನೆ. (ಪಕ್ಕದ ಮನೆಯ ಟಿ.ವಿ. ಕೆಟ್ಟರೂ, ಮಿಕ್ಸಿ ಕೆಟ್ಟರೂ, ಒಮ್ಮೆ ಅವರ ಅಳಿಯ ಕೋಪಿಸಿಕೊಂಡು ಹೋದಾಗಲೂ ಅದೇ ಕಂಬವನ್ನು ಬೈದರು.) ಹೊಸಬರಿಗಾಗಿ ಒಂದೇ ಮಾತು: ನಾನು ಹೈಸ್ಕೂಲ್ ಗಣಿತದ ಟೀಚರ್, ಜೊತೆಗೆ ಹ್ಯಾಮ್. ಅಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ರೇಡಿಯೋ ಸೆಟ್ಟಿನಲ್ಲಿ ದೂರದವರ ಜೊತೆ ಮಾತಾಡುವ ಹುಚ್ಚಿನವಳು. ಜೇಬಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬೇಡಿ. ಊರ ತುಂಬ ಹೋಟೆಲ್ ಇದ್ದರೂ ನೀವು ಮನೆಯಲ್ಲಿ ರೊಟ್ಟಿ ತಟ್ಟುವುದಿಲ್ಲವೇ?

ನಮ್ಮ ಜಿಲ್ಲೆಯ ಹ್ಯಾಮ್‌ಗಳದ್ದೊಂದು ಪುಟ್ಟ ಗುಂಪಿದೆ. ವರ್ಷಕ್ಕೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ವಿಎಚ್‌ಎಫ್ ಸ್ಪರ್ಧೆ. ವಿಎಚ್‌ಎಫ್ ಅಂದರೆ ಹೆದರಬೇಡಿ. ಅದು ನೇರ ನಡೆಯುವ ರೇಡಿಯೋ ಅಲೆ. ಬಯಲಿದ್ದರೆ ಸಲೀಸಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಮುನಿಸಿಕೊಳ್ಳುತ್ತದೆ. ಆರು ಗಂಟೆಯಲ್ಲಿ ಎಷ್ಟು ಜನರನ್ನು ಮಾತಾಡಿಸುತ್ತೀರಿ, ಎಷ್ಟು ದೂರದವರನ್ನು ಮಾತಾಡಿಸುತ್ತೀರಿ ಅನ್ನುವುದೇ ಆಟ. ಒಂದು ಕಿಲೋಮೀಟರಿಗೆ ಒಂದು ಅಂಕ.

ಮಾತು ಅಂದರೆ "ಊಟ ಆಯ್ತಾ" ಅಲ್ಲ. ನಾನು ನನ್ನ ಊರು ಹೇಳಬೇಕು, ಇದು ನನ್ನ ಎಷ್ಟನೇ ಸಂಪರ್ಕ ಅನ್ನುವ ನಂಬರ್ ಹೇಳಬೇಕು. ಆ ಕಡೆಯವರು ಅದನ್ನು ಬರೆದುಕೊಂಡು "ರೋಜರ್", ಅಂದರೆ ಸರಿಯಾಗಿ ಕೇಳಿಸಿತು, ಅನ್ನಬೇಕು. ಅವರು ಹೇಳಿದ್ದನ್ನು ನಾನೂ ಹಾಗೇ ಬರೆದುಕೊಳ್ಳಬೇಕು. ಈ ಬರೆದಿಟ್ಟ ಪಟ್ಟಿಗೆ ಲಾಗ್ ಅಂತ ಹೆಸರು. ಎಲ್ಲರ ಲಾಗ್‌ಗಳನ್ನೂ ಸಂಘಟಕರು ತಾಳೆ ನೋಡುತ್ತಾರೆ. ಇಬ್ಬರ ಲಾಗೂ ಹೊಂದಿದರೆ ಅಂಕ. ಹೊಂದದಿದ್ದರೆ ಕ್ಲೇಮ್ ಮಾಡಿದವರ ಆ ಅಂಕವೂ ಹೋಯಿತು, ದಂಡವಾಗಿ ಅಷ್ಟೇ ಅಂಕ ಮತ್ತೂ ಹೋಯಿತು.

ಇನ್ನೆರಡು ನಿಯಮ. ಒಂಟಿ ಸ್ಪರ್ಧಿ ಅಂತ ಹೆಸರು ಕೊಟ್ಟರೆ ಕೇಳುವುದು, ಮಾತಾಡುವುದು, ಬರೆಯುವುದು ಎಲ್ಲ ಒಬ್ಬರೇ. ಮತ್ತೆ, ಫೋನ್, ವಾಟ್ಸಾಪ್ ಹಿಡಿದು "ಸೆಟ್ ಆನ್ ಮಾಡ್ರಿ, ನಾನು ಕರೀತೀನಿ" ಅಂತ ಯಾರನ್ನೂ ಎಬ್ಬಿಸುವಂತಿಲ್ಲ.

ಬಹುಮಾನ? ಒಂದು ಪ್ರಶಸ್ತಿ ಪತ್ರ. ಅದೂ ಮೇಲ್‌ನಲ್ಲಿ ಬರುತ್ತದೆ, ಪ್ರಿಂಟ್ ನಾವೇ ತೆಗೆಸಿಕೊಳ್ಳಬೇಕು. ಬಹುಮಾನ ಎಷ್ಟು ಚಿಕ್ಕದೋ ಜಗಳ ಅಷ್ಟು ದೊಡ್ಡದು. ನಿಮ್ಮ ಬೀದಿಯ ರಂಗೋಲಿ ಸ್ಪರ್ಧೆ ನೋಡಿದ್ದೀರಲ್ಲ?

ಮೂರು ವರ್ಷದಿಂದ ನಾನು ಎರಡನೆಯವಳು. ಮೂರು ವರ್ಷದಿಂದ ಮೊದಲನೆಯವರು ಮೊಳಕಾಲ್ಮೂರಿನ ಮಾರ್ಕಂಡಪ್ಪ. ಅರವತ್ತು ದಾಟಿದ ರೇಷ್ಮೆ ಸೀರೆ ನೇಕಾರರು. ಮಾತು ಮೆಲ್ಲಗೆ, ಸೆಟ್ ಹಳೆಯದು, ಮನೆ ಸುತ್ತ ಬಂಡೆಗುಡ್ಡ. ಆದರೂ ಗೆಲ್ಲುತ್ತಾರೆ. ಈ ಸಲ ಮಾತ್ರ ಅವರನ್ನು ಸೋಲಿಸಿಯೇ ತೀರಬೇಕು ಅಂತ ನಾನು ಹೊಸ ಆಂಟೆನಾ ಕಟ್ಟಿದೆ. ಮನೆಯವರು ಕೆಳಗೆ ನಿಂತು ಏಣಿ ಹಿಡಿದುಕೊಂಡು, "ನೀನು ಬಿದ್ರೆ ನಾನು ಓಡಿ ಹೋಗ್ತೀನಿ, ಈಗ್ಲೇ ಹೇಳಿರ್ತೀನಿ" ಅಂತ ಧೈರ್ಯ ತುಂಬಿದರು.

ಆ ದಿನ ನನ್ನ ಗ್ರಹಗತಿ ಚೆನ್ನಾಗಿತ್ತು. ಬಳ್ಳಾರಿ ಸಿಕ್ಕಿತು. ಆಂಧ್ರದ ಗಡಿಯಾಚೆಯವರು ಇಬ್ಬರು ಸಿಕ್ಕರು. ಹನ್ನೊಂದೂವರೆ ಹೊತ್ತಿಗೆ ಮಾರ್ಕಂಡಪ್ಪನವರೂ ಸಿಕ್ಕರು. ಗುಡ್ಡದ ಮರೆಯಿಂದ ಅವರ ದನಿ ಕರಕರ ಅನ್ನುತ್ತಾ ಬಂತು. ಅವರ ನಂಬರ್ ನಾನು ಬರೆದುಕೊಂಡೆ. ನನ್ನ ನಂಬರ್ ಹೇಳಿದೆ: ಹದಿನೇಳು. "ಒನ್ ಸೆವೆನ್, ಒನ್ ಸೆವೆನ್." ಆ ಕಡೆಯಿಂದ ಏನೋ ಕರಕರ. ರೋಜರ್ ಅಂದರು. ಮುಂದಿನವರ ಬೇಟೆಗೆ ಹೊರಟೆ.

(ಇಲ್ಲಿ ಒಂದು ನಿಮಿಷ ನಿಲ್ಲಿ. "ರೋಜರ್ ಅಂದರು" ಅಂತ ಬರೆದೆನಲ್ಲ, ಅದರ ಕಥೆ ಆಮೇಲೆ ಇದೆ.)

ಹನ್ನೆರಡು ಗಂಟೆಯ ಮೇಲೆ ಬ್ಯಾಂಡ್ ಖಾಲಿ ಹೊಡೆಯಿತು. ಕರೆದೆ, ಕರೆದೆ, ಯಾರೂ ಇಲ್ಲ. ಆಗ ನೆನಪಾದವರು ನಾಯಕನಹಟ್ಟಿಯ ತಿಪ್ಪೇಸ್ವಾಮಿ. (ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಈ ಹೆಸರು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ನಾನು ಹೇಳುತ್ತಿರುವುದು ಟಿ.ವಿ. ರಿಪೇರಿ ಅಂಗಡಿಯ ತಿಪ್ಪೇಸ್ವಾಮಿಯನ್ನು.) ಅವರಿಗೆ ಲೈಸೆನ್ಸ್ ಇದೆ, ಸೆಟ್ ಇದೆ, ಆಸಕ್ತಿ ಮಾತ್ರ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ.

ನನ್ನ ಕೈ ತಾನೇ ಫೋನ್ ಕಡೆ ಹೋಯಿತು. ಕೈ ಹೋದರೆ ನಾನೇನು ಮಾಡಲಿ?

"ಏನ್ ತಿಪ್ಪೇಸ್ವಾಮಿಯವರೇ, ಆರಾಮಾ?"

"ಮುದ್ದೆ ಉಣ್ಣಾಕೆ ಕುಂತಿದ್ದೆ ಮೇಡಂ. ಏನ್ ಸಮಾಚಾರ?"

"ಏನಿಲ್ಲ. ಸೆಟ್ ಧೂಳು ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳೋಣ ಅಂತ."

ನೋಡಿ, "ಸೆಟ್ ಆನ್ ಮಾಡಿ" ಅಂತ ನಾನು ಹೇಳಲೇ ಇಲ್ಲ. ಧೂಳಿನ ಬಗ್ಗೆ ಕೇಳಿದೆ, ಅಷ್ಟೇ. ಆರೋಗ್ಯದ ದೃಷ್ಟಿಯಿಂದ. ಹತ್ತು ನಿಮಿಷಕ್ಕೆ ತಿಪ್ಪೇಸ್ವಾಮಿ ರೇಡಿಯೋದಲ್ಲಿ ಹಾಜರು. ನಾಯಕನಹಟ್ಟಿಯ ಅಂಕ ನನ್ನ ಲಾಗಿಗೆ.

ಪರೀಕ್ಷಾ ಕೊಠಡಿಯಲ್ಲಿ ಕತ್ತು ಎರಡಿಂಚು ಹೊರಳಿಸಿದ ಹುಡುಗನನ್ನು ಎಬ್ಬಿಸಿ ಮುಂದಿನ ಬೆಂಚಿಗೆ ಹಾಕುವವಳು ನಾನೇ. ಅದೇ ಕೈ, ಅದೇ ಬುದ್ಧಿ. ಬೇರೆಯವರ ನಿಯಮವೆಲ್ಲ ನಮಗೆ ಕಬ್ಬಿಣದಲ್ಲಿ ಹೊಯ್ದಂತೆ ಕಾಣುತ್ತದೆ. ನಮ್ಮ ನಿಯಮ ಮಾತ್ರ ರಬ್ಬರು. ಬಸ್ಸಿನ ಕಿಟಕಿಯೊಳಗೆ ಬೇರೆಯವರು ಎಸೆದ ಟವೆಲ್ ಅನ್ಯಾಯ, ನಾವು ಎಸೆದದ್ದು ರಿಸರ್ವೇಶನ್. ಅಲ್ಲವೇ?

ಹತ್ತು ದಿನ ಬಿಟ್ಟು ಫಲಿತಾಂಶ ಬಂತು.

ಮೊದಲ ಸ್ಥಾನ ಮಾರ್ಕಂಡಪ್ಪ. ಎರಡನೆಯದು ನಾನು. ನನ್ನ ಲೆಕ್ಕದ ಪ್ರಕಾರ ಸಲೀಸಾಗಿ ಗೆದ್ದಿರಬೇಕಾದವಳು! ತಾಳೆ ನೋಡಿದ ಪಟ್ಟಿ ತೆಗೆದರೆ, ಹದಿನೇಳನೇ ಸಾಲಿನ ಎದುರಿಗೆ ಕೆಂಪು ಅಕ್ಷರ: ಎದುರಿನವರ ಲಾಗಿನಲ್ಲಿ ಸಂಪರ್ಕ ಪೂರ್ಣವಾಗಿಲ್ಲ, ರದ್ದು, ದಂಡ ಸಹಿತ.

ಎದುರಿನವರು ಯಾರು? ಮಾರ್ಕಂಡಪ್ಪ. ನನ್ನ ಅಂಕ ಹೋಗಿ ಗೆದ್ದವರು ಯಾರು? ಮಾರ್ಕಂಡಪ್ಪ.

ಗಣಿತದ ಟೀಚರಿಗೆ ಇದಕ್ಕಿಂತ ಸುಲಭದ ಸಮೀಕರಣ ಬೇಕೇ? ಎದುರಾಳಿಯನ್ನು ಬೇಕೆಂದೇ ಲಾಗಿನಲ್ಲಿ ಅರ್ಧ ಬರೆದು ದಂಡಕ್ಕೆ ನೂಕುವ ಕಿಲಾಡಿಗಳು ಈ ಆಟದಲ್ಲಿ ಇದ್ದಾರೆ ಅಂತ ಕೇಳಿದ್ದೆ. ಆದರೆ ಈ ಮೆಲುದನಿಯ ಮನುಷ್ಯ?

"ನೋಡಿದ್ರಾ, ಹೆಂಗೆ ಮಾಡಿದ್ರು!" ಅಂತ ಮನೆಯವರ ಮುಂದೆ ಪಟ್ಟಿ ಹಿಡಿದೆ.

ಅವರು ಪೇಪರ್ ಮಡಚದೇ ಹೇಳಿದರು: "ಫೋನ್ ಮಾಡಿ ಕೇಳು."

"ಫೋನಲ್ಲಿ ಯಾರು ಬೇಕಾದ್ರೂ ಸುಳ್ಳು ಹೇಳಬಹುದು. ಮುಖ ನೋಡಿ ಕೇಳ್ತೀನಿ."

"ಹೋಗೋದು ಹೋಗ್ತೀಯಾ, ಒಂದು ಸೀರೆನಾದ್ರೂ ತಗೊಂಡು ಬಾ."

ಹೀಗೆ ನಾನು ಮೊಳಕಾಲ್ಮೂರಿನಲ್ಲಿ ಇಳಿದೆ. ಮಾರ್ಕಂಡಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯುದ್ದಕ್ಕೂ ಮಗ್ಗದ ಟಕ್ ಟಕ್ ಸದ್ದು, ಒಂದೇ ಒಂದು ಮನೆಯ ಮೇಲೆ ಆಂಟೆನಾ.

ಮುಂದಿನ ಕೋಣೆಯಲ್ಲೇ ಮಗ್ಗ. ಮಗ್ಗದ ಪಕ್ಕದ ಗೂಡಿನಲ್ಲಿ ರೇಡಿಯೋ ಸೆಟ್. ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಾರ್ಕಂಡಪ್ಪ ನನ್ನನ್ನು ನೋಡಿ ಗಡಿಬಿಡಿಯಿಂದ ಎದ್ದರು. ರಾಟೆಯಲ್ಲಿ ನೂಲು ಸುತ್ತುತ್ತಾ ಗೋಡೆಗೊರಗಿ ಕೂತಿದ್ದವರು ಅವರ ಹೆಂಡತಿ ಶಕುಂತಲಮ್ಮ.

"ಅಯ್ಯೋ ಮೇಡಂ! ರೇಡಿಯೋದಾಗೆ ಕೇಳಿದ ದನಿ ಮನಿಗೇ ಬಂತು! ಕುಂದ್ರಿ, ಕುಂದ್ರಿ."

ಜಗಳಕ್ಕೆ ಬಂದವರಿಗೆ ಇಂಥ ಸ್ವಾಗತ ಮಾಡಬಾರದು. ನಿಯಮ ಮೀರಿದ ಆಟ ಅದು. ಬಸ್ಸಿನಲ್ಲಿ ಕಲಿತುಕೊಂಡಿದ್ದ ಮೊದಲ ಎರಡು ವಾಕ್ಯ ಅಲ್ಲೇ ಮರೆತುಹೋದವು. ಮೂರನೆಯದನ್ನು ಹೇಗೋ ಹೇಳಿದೆ.

"ಮಾರ್ಕಂಡಪ್ಪನವರೇ, ನನ್ನ ಹದಿನೇಳನೇ ಸಂಪರ್ಕ ನೀವು ಯಾಕೆ ಪೂರ್ತಿ ಬರೀಲಿಲ್ಲ?"

ಅವರು ಗೂಡಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಪೆನ್ಸಿಲಿನಲ್ಲಿ ಗುಂಡಗೆ ಬರೆದ ಅಕ್ಷರ. ಕಾಲ್ ಸೈನ್ ಅನ್ನುವ ನನ್ನ ರೇಡಿಯೋ ಹೆಸರು, ನನ್ನ ಊರು, ಸಮಯ ಎಲ್ಲ ಇತ್ತು. ನಂಬರಿನ ಜಾಗದಲ್ಲಿ: "ಕೇಳಿಸಲಿಲ್ಲ". ಅಂಕದ ಜಾಗದಲ್ಲಿ: ಸೊನ್ನೆ.

ಅಂದರೆ ಅವರೂ ಆ ಅಂಕ ಬಿಟ್ಟುಕೊಟ್ಟಿದ್ದರು.

"ಕೇಳಿಸಲಿಲ್ಲ ಅಂದ್ರೆ? ನೀವು ರೋಜರ್ ಅಂದ್ರಲ್ಲ!"

"ಇಲ್ಲ ಮೇಡಂ. ನಾನು 'ಎಗೇನ್, ಎಗೇನ್' ಅಂತ ನಾಕು ಸಲ ಕೂಗಿದೆ. ನೀವು ಆಗ್ಲೇ ಹೊಂಟೋಗಿದ್ರಿ."

ಆ ಕರಕರ ನೆನಪಾಯಿತು. ಅದರೊಳಗೆ "ಎಗೇನ್" ಇತ್ತೋ "ರೋಜರ್" ಇತ್ತೋ, ಈಗ ದೇವರೇ ಬಲ್ಲ. ನನಗೆ ಬೇಕಾದದ್ದು ನನಗೆ ಕೇಳಿಸಿತ್ತು. (ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರಿಗೆ ಕೇಳಿಸುತ್ತದಲ್ಲ, ಹಾಗೆ.)

ಅಷ್ಟರಲ್ಲಿ ರಾಟೆ ನಿಂತಿತು.

"ಕೇಳಿಸಲಿಲ್ಲ ಅನ್ನೋದು ಸುಳ್ಳು ಮೇಡಂ," ಅಂದರು ಶಕುಂತಲಮ್ಮ.

ಸಿಕ್ಕಿತು! ನಾನು ನೆಟ್ಟಗೆ ಕೂತೆ. ಮನೆಯೊಳಗೇ ಸಾಕ್ಷಿ!

"ಇವರಿಗೆ ಕೇಳಿಸಲಿಲ್ಲ. ಇವರ ಎಡಗಿವಿ ಹೋಗಿ ಎಷ್ಟೋ ವರ್ಷ ಆಯ್ತು. ನನಗೆ ಕೇಳಿಸ್ತು. ಇಲ್ಲೇ ಕುಂತಿದ್ದೆ. 'ಒನ್ ಸೆವೆನ್' ಅಂತ ನೀವು ಅಂದಿದ್ದು ಗಂಟೆ ಹೊಡೆದಂಗೆ ಕೇಳಿಸ್ತು. 'ಪದಿಹೇಡು ಅಂಟೋಂದಿ ಕದಯ್ಯಾ, ರಾಸ್ಕೋ!' ಅಂತ ಇವರಿಗೆ ನಮ್ಮ ತೆಲುಗಿನಾಗೆ ಹೇಳಿದೆ. ಹದಿನೇಳು ಅಂತಿದಾರಲ್ಲಯ್ಯಾ, ಬರ್ಕೋ ಅಂತ. ಅದಕ್ಕೆ ಇವರು ಏನಂದ್ರು ಗೊತ್ತಾ? ಕೇಳ್ರಿ ಅವರನ್ನೇ."

ಮಾರ್ಕಂಡಪ್ಪ ನೆಲ ನೋಡಿದರು. "ನೀನು ಹೇಳಬ್ಯಾಡ ಅಂದೆ."

"ಯಾಕಂತೆ? ಕೇಳ್ರಿ, ಯಾಕಂತೆ!"

"ಒಂಟಿ ಸ್ಪರ್ಧಿ ಅಂತ ಹೆಸರು ಕೊಟ್ಟಿದ್ದೆ ಮೇಡಂ. ಒಂಟಿ ಅಂದ್ರೆ ಒಬ್ಬರ ಕಿವಿ. ಅವಳ ಕಿವಿಯಾಗೆ ಕೇಳಿದ್ದು ನನ್ನ ಲಾಗಿಗೆ ಬರಬಾರದು."

ಶಕುಂತಲಮ್ಮ ನನ್ನ ಕಡೆ ತಿರುಗಿ ನ್ಯಾಯ ಕೇಳಿದರು. "ಮೂವತ್ತೈದು ವರ್ಷದಿಂದ ಇವರ ಕಿವಿ ನಾನೇ. ಬಾಗಿಲು ಬಡಿದ್ರೆ ನಾನೇ ಹೇಳಬೇಕು. ಕುಕ್ಕರ್ ಕೂಗಿದ್ರೆ ನಾನೇ ಹೇಳಬೇಕು. ಬೀಗರು ಫೋನಿನಾಗೆ ಏನಂದ್ರು ಅಂತ ಎರಡೆರಡು ಸಲ ನಾನೇ ಹೇಳಬೇಕು. ಆವತ್ತು ಒಂದಿನ ಮಾತ್ರ ನನ್ನ ಕಿವಿ ಬ್ಯಾಡವಂತೆ! ಮೂರು ದಿನ ನಾನು ಮಾತೇ ಆಡಲಿಲ್ಲ."

"ಎರಡು ದಿನ," ಅಂದರು ಮಾರ್ಕಂಡಪ್ಪ.

"ಮೂರು! ಒಂದಿನ ನಿನಗೆ ಗೊತ್ತೇ ಆಗಲಿಲ್ಲ."

ಮೋಸಗಾರ ಅಂತ ಕರೆಯಲು ಬಂದವಳು ನಾನು. ಎದುರಿಗೆ ಕೂತಿರುವ ಮನುಷ್ಯ ಅಂಗೈಗೆ ಬಂದ ಅಂಕವನ್ನು ಹೆಂಡತಿಯ ಕಿವಿಯಿಂದ ಬಂತು ಅಂತ ತಳ್ಳಿದವರು. ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ಬರೆದುಕೊಂಡಿದ್ದರೆ ಯಾವ ಸಂಘಟಕರಿಗೆ ಗೊತ್ತಾಗುತ್ತಿತ್ತು?

"ನಿಮ್ಮಂಥವರನ್ನ ಅನುಮಾನಿಸಿದೆನಲ್ಲ, ಕ್ಷಮಿಸಿಬಿಡಿ," ಅಂದೆ. ಮನಸ್ಸಿನಿಂದಲೇ ಅಂದೆ. ಅಲ್ಲಿಗೆ ನಿಲ್ಲಿಸಿ ಎದ್ದು ಬಂದಿದ್ದರೆ ಈ ಅಂಕಣ ಒಂದು ಒಳ್ಳೆಯ ನೀತಿಪಾಠವಾಗುತ್ತಿತ್ತು.

ಶಕುಂತಲಮ್ಮ ಕಾಫಿ ತಂದರು. ಲೋಟ ಕೈಗಿಡುತ್ತಾ ಬಹಳ ಸಹಜವಾಗಿ ಕೇಳಿದರು.

"ಅಲ್ಲ ಮೇಡಂ, ಹಟ್ಟಿ ತಿಪ್ಪೇಸ್ವಾಮಿಗೆ ಆವತ್ತು ನೀವು ಫೋನ್ ಮಾಡಿದ್ರಂತೆ?"

ಕಾಫಿ ಬಿಸಿಯಿತ್ತು. ಅಥವಾ ನನಗೇ ಬಿಸಿಯಾಯಿತು.

ಆದದ್ದು ಇಷ್ಟು. ನನ್ನ ಜೊತೆ ಮಾತು ಮುಗಿಸಿದ ತಿಪ್ಪೇಸ್ವಾಮಿ, ಆನ್ ಮಾಡಿದ ಸೆಟ್ ಹೇಗೂ ಆನ್ ಆಗಿದೆ ಅಂತ ಮಾರ್ಕಂಡಪ್ಪನವರಿಗೂ ಸಿಕ್ಕಿದ್ದಾರೆ. ಊರು ಹೇಳಿ, ನಂಬರ್ ಹೇಳಿ, ಕೊನೆಗೆ ಆ ಪುಣ್ಯಾತ್ಮ ಸಂತೋಷದಿಂದ ಹೇಳಿದ್ದಾರೆ: "ಚಳ್ಳಕೆರೆ ಮೇಡಂ ಫೋನ್ ಮಾಡಿದ್ರು, ಅದಕ್ಕೇ ಮುದ್ದೆ ಬಿಟ್ಟು ಬಂದೆ." ರೇಡಿಯೋದಲ್ಲಿ! ಸೆಟ್ ಇದ್ದವರೆಲ್ಲ ಕೇಳಬಹುದಾದ ರೇಡಿಯೋದಲ್ಲಿ!

ಅಂದರೆ ಮಾರ್ಕಂಡಪ್ಪನವರಿಗೆ ಆ ದಿನದಿಂದಲೂ ಗೊತ್ತಿತ್ತು.

"ಮತ್ತೆ ನೀವ್ಯಾಕೆ ಸಂಘಟಕರಿಗೆ ಹೇಳಲಿಲ್ಲ?" ಅಂತ ಕೇಳಿದೆ. ದನಿ ನನ್ನದೇ, ಆದರೆ ಕತ್ತು ಹೊರಳಿಸಿ ಸಿಕ್ಕಿಬಿದ್ದ ಹುಡುಗನ ಥರ ಇತ್ತು.

ಅವರು ನೋಟ್‌ಬುಕ್ ಮುಚ್ಚಿದರು. "ನನ್ನ ಲಾಗಿನಾಗೆ ನಾನು ಕೇಳಿದ್ದು ನಾನು ಬರೀಬೇಕು ಮೇಡಂ. ನಿಮ್ಮ ಲಾಗಿನಾಗೆ ನಿಮ್ಮದು ನೀವು ಬರೀತೀರಿ ಅಂತ ಅನ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಿರುಗಿ ಬೈಯಬಹುದಿತ್ತು. ಮೂವತ್ತು ಮಕ್ಕಳ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ನಾನು ಕಾಫಿಯ ಕೆನೆ ನೋಡುತ್ತಾ ಕೂತೆ.

ನನ್ನನ್ನು ಕಾಪಾಡಿದವರು ಶಕುಂತಲಮ್ಮ.

"ಲಾಗು ಲಾಗು ಅಂತೀಯಲ್ಲಯ್ಯಾ, ಹಟ್ಟಿಯೋರ ಪಾಯಿಂಟ್ ನೀನು ತಗೊಂಡಿಲ್ವೇನು? ಇವರು ಫೋನ್ ಮಾಡಿ ಎಬ್ಬಿಸಿದ್ದಕ್ಕೇ ಅಲ್ಲವಾ ನಿನಗೂ ಅವರು ಸಿಕ್ಕಿದ್ದು?"

ಮಾರ್ಕಂಡಪ್ಪ ಮೊದಲ ಸಲ ತಡವರಿಸಿದರು. "ಅದು... ನಾನೇನು ಫೋನ್ ಮಾಡ್ಲಿಲ್ವಲ್ಲ. ಅವರು ಇದ್ರು, ನಾನು ಕರೆದೆ. ನಿಯಮದ ಪ್ರಕಾರ..."

"ನಿಯಮದ ಪ್ರಕಾರ!" ಅಂತ ಶಕುಂತಲಮ್ಮ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಮಾರ್ಕಂಡಪ್ಪನವರೂ ನಕ್ಕರು, ಸ್ವಲ್ಪ ತಡವಾಗಿ. ಯಾಕೆ ನಗುತ್ತಿದ್ದೇವೆ ಅಂತ ಅವರಿಗೆ ಪೂರ್ತಿ ಕೇಳಿಸಿರಲಿಕ್ಕಿಲ್ಲ.

ನನಗೆ ಎಷ್ಟು ಹಾಯೆನಿಸಿತು ಅಂದರೆ ಹೇಳತೀರದು. ಪೂರ್ತಿ ಒಳ್ಳೆಯವರ ಎದುರಿಗೆ ಕೂತು ಕಾಫಿ ಕುಡಿಯುವುದು ಬಹಳ ಕಷ್ಟ.

ಬೀಳ್ಕೊಡುವಾಗ ಶಕುಂತಲಮ್ಮ ಬಾಗಿಲವರೆಗೂ ಬಂದು ಮೆಲ್ಲಗೆ ಕೇಳಿದರು. "ಆ ಪರೀಕ್ಷೆ ಕಷ್ಟಾನಾ ಮೇಡಂ? ನಾನು ಹತ್ತನೇ ಕ್ಲಾಸ್ ಪಾಸು. ನನ್ನ ಕಿವಿಗೇ ಒಂದು ಲೈಸೆನ್ಸ್ ತಗೊಂಡ್ರೆ ಹೆಂಗೆ?" ನನ್ನ ಹಳೆಯ ಪುಸ್ತಕ ಈ ವಾರವೇ ಅವರಿಗೆ ಹೊರಟಿದೆ.

ಮನೆಗೆ ಬಂದಾಗ ನಮ್ಮವರು ನನ್ನ ಖಾಲಿ ಕೈ ನೋಡಿದರು. "ಸೀರೆ ಇಲ್ಲ. ಗೆದ್ಯೋ, ಸೋತ್ಯೋ?"

"ತಾಳೆ ನೋಡ್ತಾ ಇದೀನಿ," ಅಂದೆ.

ಅವತ್ತು ಸಂಜೆಯೇ ಸಂಘಟಕರಿಗೆ ಮೇಲ್ ಬರೆದೆ. ನಾಯಕನಹಟ್ಟಿಯ ಸಂಪರ್ಕ ಫೋನ್ ಮಾಡಿ ಗಿಟ್ಟಿಸಿದ್ದು, ದಯವಿಟ್ಟು ತೆಗೆದುಹಾಕಿ. ಮೊದಲ ಕರಡಿನಲ್ಲಿ ಧೂಳಿನ ಪ್ರಸ್ತಾಪ ಇತ್ತು. ಎರಡನೆಯದರಲ್ಲಿ ತೆಗೆದೆ. ಕಳಿಸು ಅನ್ನುವ ಬಟನ್ ಒತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಕೇಳಿರಲಿಲ್ಲ, ಯಾರೂ ಹಿಡಿದಿರಲಿಲ್ಲ. ಮಾರ್ಕಂಡಪ್ಪ ಸಾಯುವವರೆಗೂ ಹೇಳುತ್ತಿರಲಿಲ್ಲ. ಅದೇ ತೊಂದರೆಯಾಗಿತ್ತು.

ಎರಡನೇ ಸ್ಥಾನದಿಂದ ನಾಲ್ಕಕ್ಕೆ ಇಳಿದೆ. ನಾಲ್ಕನೆಯವರಿಗೆ ಪ್ರಶಸ್ತಿ ಪತ್ರವಿಲ್ಲ, ಪ್ರಿಂಟ್ ಖರ್ಚು ಉಳಿಯಿತು. ಮಾರ್ಕಂಡಪ್ಪ ಮೊದಲನೆಯವರಾಗಿಯೇ ಇದ್ದಾರೆ. ಅವರೂ ಹೆಂಡತಿಯ ಕಾಟ ತಡೆಯಲಾರದೆ ಹಟ್ಟಿಯ ಅಂಕ ಬೇಡ ಅಂತ ಬರೆದರಂತೆ. ನಿಯಮದ ಪ್ರಕಾರ ಅದು ನಿಮ್ಮದೇ, ಸುಮ್ಮನಿರಿ ಅಂತ ಸಂಘಟಕರು ಗದರಿದರಂತೆ.

ಸಂಘಟಕರಿಗೆ ಈಗ ಬೇರೆ ತಲೆನೋವು. ಶಕುಂತಲಮ್ಮನವರಿಗೆ ಲೈಸೆನ್ಸ್ ಬಂದರೆ ಮುಂದಿನ ವರ್ಷ ಒಂದೇ ಕೋಣೆಯಲ್ಲಿ ಇಬ್ಬರು ಸ್ಪರ್ಧಿಗಳು. ಗಂಡ ಹೆಂಡತಿ ಪರಸ್ಪರ ರೇಡಿಯೋದಲ್ಲಿ ಮಾತಾಡಿದರೆ ಅಂಕ ಕೊಡಬೇಕೇ? ಬಹಳ ಯೋಚಿಸಿ ತೀರ್ಪು ಹೇಳಿದ್ದಾರೆ: ಧಾರಾಳವಾಗಿ ಮಾತಾಡಲಿ, ನಡುವಿನ ದೂರ ಸೊನ್ನೆ ಕಿಲೋಮೀಟರ್, ಆದ್ದರಿಂದ ಅಂಕವೂ ಸೊನ್ನೆ.

ನನ್ನ ಮೇಲ್ ಅನ್ನು ಸಂಘಟಕರು ನನ್ನ ಒಪ್ಪಿಗೆ ಪಡೆದು ಗುಂಪಿನಲ್ಲಿ ಹಾಕಿದರು. ಅರ್ಧ ದಿನದ ಮೇಲೆ ಒಬ್ಬರು, ತಮ್ಮ ತಮ್ಮನಿಂದ ಲಾಗ್ ಬರೆಸಿದ್ದೆ ಅಂತ ಒಪ್ಪಿಕೊಂಡರು. ಇನ್ನೊಬ್ಬರು ಒಂದು ಗಂಟೆ ಹೊಡೆದ ಮೇಲೂ ಎರಡು ಸಂಪರ್ಕ ಮಾಡಿ ಗಡಿಯಾರ ಹಿಂದಿದೆ ಅಂದುಕೊಂಡಿದ್ದೆ ಅಂದರು. ಮೂರನೆಯವರು ನಂಬರ್ ಅಂದಾಜಿನಲ್ಲಿ ಬರೆದಿದ್ದೆ, ಸರಿಹೋಗಿಬಿಟ್ಟಿತು ಅಂತ ಬರೆದರು.

ನನ್ನನ್ನೂ ಸೇರಿಸಿ ಒಪ್ಪಿಕೊಂಡವರು ನಾಲ್ವರು. ಲಾಗ್ ಕಳಿಸಿದ್ದವರು ಇಪ್ಪತ್ತಾರು. ಉಳಿದ ಇಪ್ಪತ್ತೆರಡು ಜನ ನಿಜವಾಗಿಯೂ ಅಷ್ಟು ಒಳ್ಳೆಯವರಾ, ಅಥವಾ ಇನ್ನೂ ಮೇಲ್‌ನ ಕರಡು ತಿದ್ದುತ್ತಿದ್ದಾರಾ?